ಜೋರು ಸಿಸ್ಟರ್ ತೆರೆಸಿದ ಕೋಣೆ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಜೋರು ಸಿಸ್ಟರ್ ಅಂತಲೇ. ಕ್ಯಾನ್ಸರ್ ವಾರ್ಡಿನ ಹೆಡ್ ನರ್ಸ್. ಡಾಕ್ಟರುಗಳ ಒಂದು ಮಾತು ಕೇಳಿದರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು: "ಇನ್ನು ನಮ್ಮ ಕೈಯಲ್ಲೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ." ಹಾಗೆ ಮನೆಗೆ ಬಂದ ಸ್ವಂತ ಅತ್ತಿಗೆ ದಿಂಬು ಕಚ್ಚಿಕೊಂಡು ನರಳಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಅತ್ತಿಗೆ ಹೋದ ಮೇಲೆ ರಜೆ ಹಾಕಿ, ದೂರದ ಊರಿನಲ್ಲಿ ಇಂಥ ರೋಗಿಗಳ ಆರೈಕೆ ಕಲಿತು ಬಂದರು. ಬಂದವರೇ ಸೂಪರಿಂಟೆಂಡೆಂಟ್ ಎದುರು ನಿಂತರು.

"ಹಳೇ ಲಾಂಡ್ರಿ ಕೋಣೆ ಖಾಲಿ ಇದೆ, ನನಗೆ ಕೊಡಿ ಸರ್. ಮಾರ್ಫಿನ್ ತರಿಸೋಕೆ ಸಹಿನೂ ಬೇಕು."

"ಮಾರ್ಫಿನ್ನಾ? ಚಟ ಹತ್ತಿದ್ರೆ ಯಾರಮ್ಮಾ ಜವಾಬ್ದಾರಿ?"

"ನೋವಿಗೆ ತಕ್ಕಷ್ಟು ಅಳೆದು ಕೊಡ್ತೀವಿ. ಅರಿವಳಿಕೆ ಡಾಕ್ಟರು ಜೊತೆಗಿರ್ತಾರೆ."

ಸಾಹೇಬರು ಜಪ್ಪಯ್ಯ ಅನ್ನಲಿಲ್ಲ. ಸಿಸ್ಟರೂ ಬಿಡಲಿಲ್ಲ, ಮೆಟ್ಟಿಲಲ್ಲಿ, ಕ್ಯಾಂಟೀನಿನಲ್ಲಿ, ಕಾರಿನ ಬಾಗಿಲಲ್ಲಿ ಅಡ್ಡ ನಿಂತರು. ಕೊನೆಗೆ ಕಾಟ ತಾಳಲಾರದೆ ಅವರು ಸಹಿ ಹಾಕಿದರು.

ಮೊದಲು ಬಂದವರು ಒಬ್ಬ ಗಾರೆ ಮೇಸ್ತ್ರಿ. ಕ್ಯಾನ್ಸರು ಮೂಳೆಗಿಳಿದು, ಮಲಗಲಾಗದೆ ಕೂತೇ ರಾತ್ರಿ ಕಳೆಯುತ್ತಿದ್ದರು. ಔಷಧಿ ಕುಡಿದ ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಓಡಿ ಬಂದರು.

"ಸಿಸ್ಟರ್, ಅಲುಗಾಡ್ತಾನೇ ಇಲ್ಲ! ಹೋಗ್ಬಿಟ್ರಾ?"

"ಗೊರಕೆ ಕೇಳಿಸ್ತಿಲ್ವೇನಮ್ಮಾ? ನಿದ್ದೆ ಮಾಡ್ತಿದ್ದಾರೆ."

ಎದ್ದ ಮೇಸ್ತ್ರಿ ಸುತ್ತ ನೋಡಿ ಮುಖ ಸಿಂಡರಿಸಿದರು. "ಯಾರ್ರೀ ಇದನ್ನ ಕಟ್ಟಿದ್ದು? ಕಿಟಕಿ ಅಷ್ಟೆತ್ತರ ಇಟ್ಟಿದ್ದಾರೆ. ಮಲಗಿದೋರಿಗೆ ಏನು ಕಾಣುತ್ತೆ?"

"ಹಾಗಿದ್ರೆ ಇಳಿಸಿ, ಮೇಸ್ತ್ರಿ," ಅಂದರು ಸಿಸ್ಟರ್.

ಜೊತೆ ಕೆಲಸದವರು ಬಂದರು. ಮೇಸ್ತ್ರಿ ಗಾಲಿಕುರ್ಚಿಯಲ್ಲಿ ಕೂತೇ ಬೈದು, ನಗಿಸಿ, ಗೋಡೆ ಒಡೆಸಿ ಮಂಚದ ಮಟ್ಟಕ್ಕೆ ದೊಡ್ಡ ಕಿಟಕಿ ಕೂರಿಸಿದರು. ಆಮೇಲೆ ಅದರ ಪಕ್ಕದಲ್ಲೇ ಮಲಗಿ, ಹೊರಗೆ ತರಕಾರಿ ಗಾಡಿಯವನ ಜೊತೆ ಹೆಂಡತಿ ಚೌಕಾಸಿ ಮಾಡುವುದನ್ನು ನೋಡಿ ನಗುತ್ತಿದ್ದರು. ಒಂದು ಮಧ್ಯಾಹ್ನ ಆಕೆಯ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದರು. ಮುಖದಲ್ಲಿ ನೋವಿನ ಸುಳಿವೂ ಇರಲಿಲ್ಲ.

ಸೂಪರಿಂಟೆಂಡೆಂಟ್ ಬಂದು ಆ ಮುಖವನ್ನೇ ನೋಡುತ್ತಾ ನಿಂತರು. "ಪಕ್ಕದ ಗೋದಾಮನ್ನೂ ತಗೊಳ್ಳಿ, ಸಿಸ್ಟರ್," ಎಂದರು.

ಗೋದಾಮು ವಾರ್ಡಾಯಿತು, ವಾರ್ಡು ಬೆಳೆದು ಇಡೀ ಕಟ್ಟಡವಾಯಿತು. ಮನೆಯಲ್ಲೇ ಇರಬಯಸುವವರ ಹತ್ತಿರ ವ್ಯಾನಿನಲ್ಲಿ ನರ್ಸುಗಳು ಹೋಗತೊಡಗಿದರು. ಕೆಲಸ ಕಲಿಯಲು ಹೊರಗಿನ ಡಾಕ್ಟರುಗಳೂ ಬಂದರು. ಮೇಸ್ತ್ರಿಯ ಹೆಂಡತಿ ತರಬೇತಿ ಪಡೆದು ಅಲ್ಲೇ ಆರೈಕೆಗೆ ಸೇರಿಕೊಂಡರು.

ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಜೋರು ಸಿಸ್ಟರ್ ಸೆರಗಲ್ಲಿ ಕಣ್ಣೊರೆಸಿಕೊಂಡು, ನಗುತ್ತಾ, ಎಲ್ಲರಿಗೂ ಕೈ ಮುಗಿದರು.