ಹಕ್ಕಿ ನೋಡಲು ಬಂದವರಿಗೆ ಪಟಾಕಿ

ವಿಜಯಪುರದ ಆಚೆ ನಮ್ಮೂರ ಕೆರೆಯ ಮಧ್ಯೆ ಒಂದು ನಡುಗಡ್ಡೆಯಿದೆ. ಅದರ ತುಂಬ ಜಾಲಿ ಮರ, ಮರದ ತುಂಬ ಹಕ್ಕಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆ, ಅಬ್ಬಬ್ಬಾ, ಒಂದೇ ಎರಡೇ! ಮೂರು ವರ್ಷ ಬೆಳಗಾದರೆ ಏರಿಯ ಮೇಲೆ ನಿಂತು ಪಟ್ಟಿ ಮಾಡಿದ್ದೇನೆ. ಇದನ್ನು ನೋಡಲು ಜನ ದೂರದಿಂದ ಬರುತ್ತಾರೆ, ಊರಿಗೊಂದು ಹೆಸರು ಬರುತ್ತದೆ ಎಂದರೆ ಎಲ್ಲರೂ ನಗುತ್ತಿದ್ದರು. ನಾನೂ ಬಿಡುವ ಆಸಾಮಿಯಲ್ಲ, ಅರ್ಜಿಯ ಮೇಲೆ ಅರ್ಜಿ ಬರೆದೆ. ಕೊನೆಗೆ ಶಿವರಾತ್ರಿ ಕಳೆದ ಮೇಲೆ ಪ್ರವಾಸೋದ್ಯಮದ ಅಧಿಕಾರಿಯೊಬ್ಬರು ಕೆರೆ ನೋಡಿ ವರದಿ ಬರೆಯಲು ಬರುತ್ತೇನೆಂದರು. ಅವರು ಒಪ್ಪಿದರೆ ನಮ್ಮ ಕೆರೆ ಹಕ್ಕಿ ನೋಡುವವರ ತಾಣ. ಒಪ್ಪದಿದ್ದರೆ ನನ್ನ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಆ ಬೆಳಿಗ್ಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಕ್ಕಿದ್ದವರೇ ಏರಿಯ ಮೇಲೆ ತೋರಣ ಕಟ್ಟಿದ್ದರು. ಸ್ವಾಗತದ ಹೊಣೆ ನಮ್ಮ ದೊಡ್ಡಪ್ಪನದು. ಅಧಿಕಾರಿ ಮೇಡಂ ಜೀಪು ಬಂದು ನಿಂತದ್ದೇ ತಡ, ತಮಟೆ ಶುರುವಾಯಿತು. ಹಿಂದೆಯೇ ಪಟಾಕಿ ಸರ! ದ್ರಾಕ್ಷಿ ತೋಟದಲ್ಲಿ ಹಕ್ಕಿ ಓಡಿಸಲೆಂದು ದೊಡ್ಡಪ್ಪ ತಂದಿಟ್ಟುಕೊಂಡಿದ್ದ ಪಟಾಕಿ ಅದು. ದೊಡ್ಡವರು ಬಂದರೆ ಪಟಾಕಿ ಹೊಡೆಯದ ಊರು ನಮ್ಮದಲ್ಲ. ಬಂದವರು ಏನು ನೋಡಲು ಬಂದಿದ್ದಾರೆ ಎಂದು ಯಾರೂ ಯೋಚಿಸಲಿಲ್ಲ. ನಾನಾದರೂ ಮೊದಲೇ ಹೇಳಬೇಕಿತ್ತು, ಹೊಳೆಯಲೇ ಇಲ್ಲ.

ನಡುಗಡ್ಡೆಗೆ ನಡುಗಡ್ಡೆಯೇ ಮೇಲೆದ್ದಿತು. ಆಕಾಶದ ತುಂಬ ರೆಕ್ಕೆ. ನಿಜ ಹೇಳಬೇಕೆಂದರೆ, ಒಂದು ಕ್ಷಣ ನನಗೂ ಮೈ ಜುಮ್ಮೆಂದಿತು. ಆಮೇಲೆ ನೋಡಿದರೆ ಮರಗಳು ಖಾಲಿ. ಇಲ್ಲಿಗೆ ಜನ ಬಂದರೆ ಹಕ್ಕಿ ಉಳಿಯುವುದಿಲ್ಲ ಎಂದು ಮೇಡಂ ಫೈಲು ಮುಚ್ಚಿ ಜೀಪಿನತ್ತ ತಿರುಗಿದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ನೀವು ಮಾಡಿದ್ದನ್ನು ನೀವೇ ನೋಡಿ ಎಂದು ದೊಡ್ಡಪ್ಪನ ಕೈಗೆ ದುರ್ಬೀನು ತುರುಕಿದೆ.

ಹಕ್ಕಿಯೆಂದರೆ ದ್ರಾಕ್ಷಿ ಕಳ್ಳರು ಎಂದೇ ಬದುಕಿದ ಮನುಷ್ಯ. ದುರ್ಬೀನು ಕಣ್ಣಿಗೊತ್ತಿ ನಡುಗಡ್ಡೆಯತ್ತ ನೋಡಿದರು.

"ಗೂಡಲ್ಲಿ ಮರಿಗಳವೆ ಕಣವ್ವ. ಬಿಸ್ಲಿಗೆ ಬಾಯಿ ಬಾಯಿ ಬಿಡ್ತಾ ಅವೆ," ಎಂದರು.

ತಮಟೆ ನಿಲ್ಲಿಸಿದರು. ಉಳಿದಿದ್ದ ಸರವನ್ನು ತಾವೇ ಬಕೆಟ್ ನೀರಿನಲ್ಲಿ ಅದ್ದಿದರು. ಜನರನ್ನೆಲ್ಲ ಗದರಿಸಿ ಕೂರಿಸಿ, ಜೀಪು ಹತ್ತುತ್ತಿದ್ದ ಮೇಡಂಗೆ ಕೈಮುಗಿದರು. "ತಪ್ಪು ನಮ್ದು ತಾಯಿ. ಅವು ವಾಪಸ್ ಬರೋಗಂಟ ಇದ್ದು ಹೋಗಿ."

ಮೇಡಂ ಇಳಿದರು. ಏರಿಯ ಮೇಲೆ ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿತು. ಅಳತೊಡಗಿದ ಮಗುವನ್ನು ಅದರ ತಾಯಿ ಎತ್ತಿಕೊಂಡು ಏರಿ ಇಳಿದೇ ಹೋದಳು. ಎಷ್ಟೋ ಹೊತ್ತಿಗೆ ಒಂದು ಹೆಜ್ಜಾರ್ಲೆ ಎರಡು ಸುತ್ತು ಹಾಕಿ ಗೂಡಿಗೆ ಇಳಿಯಿತು. ಅದರ ಹಿಂದೆ ಇನ್ನೊಂದು, ಆಮೇಲೆ ಹತ್ತು, ನೂರು! ನನಗೆ ಎದ್ದು ಕುಣಿಯಬೇಕೆನಿಸಿತು. ಅಷ್ಟು ಜನರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ ಹಕ್ಕಿ ಬಿಟ್ಟು ನಮ್ಮ ಜನರನ್ನೇ ನೋಡಿದರು. ಆಮೇಲೆ ಸದ್ದಾಗದಂತೆ ಫೈಲು ಬಿಚ್ಚಿ ಬರೆಯತೊಡಗಿದರು.