ಯುಫೀಮಿಯಾ ಅಂದರೆ ಯಾರು?

ಕಡಲತೀರದ ಊರು ಪೋರ್ಟ್ ಕಾರ್ನಿಯ ಶಾಲೆಯಲ್ಲಿ ಮಕ್ಕಳಿಗೆ ಮಾತ್ರೆ ಕೊಡುವವಳು ನೊಲೀನ್ ಹಾಕಿಂಗ್. ಅವಳು ದಾದಿಯಲ್ಲ, ಟೀಚರೂ ಅಲ್ಲ. ಆಫೀಸಿನ ಮುಂಬಾಗಿಲಲ್ಲಿ ಕೂತು ಫೋನ್ ಎತ್ತುವುದು, ತಡವಾಗಿ ಬಂದವರನ್ನು ಗದರುವುದು, ಮಂಡಿ ತರಚಿಕೊಂಡವರಿಗೆ ಪಟ್ಟಿ ಹಚ್ಚುವುದು ಅವಳ ಕೆಲಸ. ಔಷಧಿಯ ಚೀಲವನ್ನು ಎಂದೋ ಒಮ್ಮೆ "ಇವತ್ತೊಂದಿನ ನೋಡ್ಕೋ ನೊಲೀನ್" ಎಂದು ಯಾರೋ ಕೈಗಿತ್ತು ಹೋದರು. ಆ ಒಂದು ದಿನ ಇಪ್ಪತ್ತು ವರ್ಷ ಕಳೆದರೂ ಮುಗಿದಿಲ್ಲ.

ಮಗುವಿನ ಹೆಸರಿರುವ, ಔಷಧಿ ಅಂಗಡಿಯವರು ಚೀಟಿ ಅಂಟಿಸಿದ ಡಬ್ಬಿಯಲ್ಲೇ ಮಾತ್ರೆ ಕಳಿಸಬೇಕೆಂದು ಹೇಳಿ ಹೇಳಿ ಅವಳ ನಾಲಗೆ ಸವೆದಿತ್ತು. ಆದರೂ ಒಬ್ಬ ತಾಯಿ ಮಾತ್ರೆಯನ್ನು ಸ್ಯಾಂಡ್‌ವಿಚ್ಚಿನೊಳಗೆ ಅದುಮಿ ಕಳಿಸುವಳು. ಇನ್ನೊಬ್ಬಳ ಕೆಮ್ಮಿನ ಔಷಧಿ ಜಾಮಿನ ಸೀಸೆಯಲ್ಲಿ ಬರುವುದು. ಉಬ್ಬಸದ ಪಂಪು ಇರುವುದೇ ನೊಣದ ಮೇಲೆ ಹೊಡೆಯುವುದಕ್ಕೆ ಎಂದು ನಂಬಿದ ಹುಡುಗರಿಗಂತೂ ಲೆಕ್ಕವಿಲ್ಲ. ಬಾರ್ಲಿ ಬೆಳೆಯುವ ಗ್ಲೆನ್ ಒಮ್ಮೆ ಮಗನ ಕೈಯಲ್ಲಿ ನಾಯಿಯ ಜಂತುಹುಳದ ಮಾತ್ರೆ ಕಳಿಸಿದ್ದ. ನೊಲೀನ್ ಫೋನ್ ಮಾಡಿ ಉಗಿದರೆ ಅವನು ಗಾಬರಿಯಾಗಿ, "ಅಯ್ಯೋ, ಹಂಗಾದ್ರೆ ನಾಯಿಗೆ ಏನ್ ತಿನ್ಸಿದೆ ನಾನು?" ಎಂದ.

"ಅದನ್ನ ನಾಯೀನೇ ಕೇಳು," ಎಂದು ಅವಳು ಫೋನ್ ಕುಕ್ಕಿದಳು.

ಇದೆಲ್ಲಕ್ಕಿಂತ ಅವಳ ಮೈ ಉರಿಸುತ್ತಿದ್ದುದು ಊರಿನ ಅಡ್ಡಹೆಸರುಗಳು. ಆ ಊರಲ್ಲಿ ಬೋಡುತಲೆಯವನನ್ನು ಗುಂಗುರ ಎನ್ನುತ್ತಾರೆ. ದೀಪದ ಕಂಬದಂತೆ ಬೆಳೆದವನು ಕುಳ್ಳ. ಕೆಂಪು ಕೂದಲಿನವರು ಗಂಡಾಗಲಿ ಹೆಣ್ಣಾಗಲಿ ಬ್ಲೂ, ಅಂದರೆ ನೀಲಿ. ಡಬ್ಬಿಯ ಮೇಲಿನ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು. ಚೀಟಿ ಹಿಡಿದುಕೊಂಡು ಇದು ಯಾರದಪ್ಪಾ ಎಂದು ಶಾಲೆಯೆಲ್ಲ ಸುತ್ತಬೇಕು. ಹಾಗೆಂದು ಅವಳು ಯಾರನ್ನೂ ದೂರುವ ಹಾಗಿರಲಿಲ್ಲ. ಅರ್ಧ ಶಾಲೆಗೆ ಅಡ್ಡಹೆಸರಿಟ್ಟವಳು ಅವಳೇ.

ಟ್ರೆಲೋರ್ ಮನೆಯ ಹುಡುಗಿ ಮೊದಲ ದಿನ ಅಮ್ಮನ ಕೈ ಬಿಡದೆ ಅಳುತ್ತ ಬಂದಿದ್ದಳು. ಒಲೆಯ ಕೆಂಡದಂಥ ತಲೆ. "ಬಾರೇ ಬ್ಲೂ, ಬಿಸ್ಕತ್ ಕೊಡ್ತೀನಿ," ಎಂದು ಕರೆದವಳು ನೊಲೀನ್. ಅಂದಿನಿಂದ ಹುಡುಗಿ ಬ್ಲೂ ಆದಳು, ಅಜ್ಜಿಯಿಂದ ಬಂದ ಯುಫೀಮಿಯಾ ಎಂಬ ಹೆಸರು ಮಣ್ಣುಪಾಲಾಯಿತು. ಆ ಹೆಸರನ್ನು ಕಂಡರೆ ಅವಳಿಗೂ ಆಗದು. ತನಗೆ ಫಿಟ್ಸ್ ಬರುತ್ತದೆಂಬುದು ಗೆಳತಿಯರಿಗೆ ಗೊತ್ತಾಗುವುದೂ ಆಗದು. ಮಧ್ಯಾಹ್ನದ ಮಾತ್ರೆಯ ಹೊತ್ತಿಗೆ ನೊಲೀನ್ ಆಫೀಸಿನ ಕಿಟಕಿಯಿಂದ, "ಬ್ಲೂ, ಟೋಪಿ!" ಎಂದು ಕೂಗುತ್ತಿದ್ದಳು. ಟೋಪಿಯಿಲ್ಲದ ಮಗುವನ್ನು ಬಿಸಿಲಿಗೆ ಬಿಡದ ಶಾಲೆ ಅದು. ದಿನಕ್ಕೆ ನೂರು ಸಲ ಯಾರಾದರೊಬ್ಬರು ಟೋಪಿ ಎಂದು ಅರಚುತ್ತಲೇ ಇರುವುದರಿಂದ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬ್ಲೂ ಒಳಗೆ ಬಂದು ಮಾತ್ರೆ ನುಂಗಿ, ಟೋಪಿ ಹಾಕಿಕೊಂಡು ಓಡುವಳು.

ಆ ವರ್ಷದ ಈಜಿನ ವಾರದ ಕೊನೆಯ ದಿನ ಜೆಟ್ಟಿಯ ಸುತ್ತು, ಅಂದರೆ ಕಡಲೊಳಗೆ ಚಾಚಿದ ಉದ್ದನೆಯ ಕಟ್ಟೆಯನ್ನು ಈಜಿ ಸುತ್ತುವುದು. ಒಂದು ಬದಿಯಲ್ಲಿ ನೀರಿಗಿಳಿದು, ತುದಿಯನ್ನು ಬಳಸಿ, ಇನ್ನೊಂದು ಬದಿಯಲ್ಲಿ ಹತ್ತಬೇಕು. ಫಿಟ್ಸ್ ಇದೆಯೆಂದು ಬ್ಲೂವನ್ನು ಅವಳ ಅಮ್ಮ ಹಿಂದಿನ ವರ್ಷಗಳಲ್ಲಿ ಈ ಸುತ್ತಿನ ದಿನ ದಡದಲ್ಲೇ ಕೂರಿಸಿದ್ದಳು. ಈ ಸಲ ಡಾಕ್ಟರು ಒಪ್ಪಿದ್ದರು. ಪಕ್ಕದಲ್ಲಿ ದೋಣಿ ಇರಬೇಕು, ಮಧ್ಯಾಹ್ನದ ಮಾತ್ರೆ ತಪ್ಪಬಾರದು. ತಪ್ಪಿದರೆ ನೀರಿಗಿಳಿಯುವ ಹಾಗಿಲ್ಲ. ಮುಂದಿನ ವರ್ಷ ಅವಳು ದೊಡ್ಡ ಶಾಲೆಗೆ ಹೋಗುವವಳು, ಇನ್ನೊಂದು ಅವಕಾಶ ಇರಲಿಲ್ಲ.

ಊಟಕ್ಕೆ ಇನ್ನೇನು ಬಿಡಬೇಕು ಎನ್ನುವಾಗ ಒಂದನೆಯ ತರಗತಿಯ ಪೋರನೊಬ್ಬ ಮರಳಿನಲ್ಲಿ ಹುದುಗಿದ್ದ ಚಿಪ್ಪನ್ನು ತುಳಿದು ಪಾದ ಸೀಳಿಕೊಂಡ. ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕಾದ ನೊಲೀನ್, ಔಷಧಿಯ ಕೆಂಪು ಚೀಲವನ್ನು ಪಕ್ಕದಲ್ಲಿದ್ದ ಬದಲಿ ಮೇಷ್ಟ್ರು ಟ್ರೆಂಟ್ ಕೈಗೆ ತುರುಕಿದಳು. ಅವನು ಆ ಬೆಳಿಗ್ಗೆಯಷ್ಟೇ ಅಡಿಲೇಡ್‌ನಿಂದ ಬಂದಿದ್ದ.

"ಊಟದ ಹೊತ್ತಿಗೆ ಬ್ಲೂಗೆ ಮಾತ್ರೆ ಕೊಟ್ಬಿಡಿ. ಅದಿಲ್ದೆ ನೀರಿಗೆ ಬಿಡ್ಬೇಡಿ," ಎಂದಳು.

"ಬ್ಲೂ. ಆಯ್ತು," ಎಂದ ಟ್ರೆಂಟ್.

ನೊಲೀನ್ ವಾಪಸಾಗುವಷ್ಟರಲ್ಲಿ ಊಟ ಮುಗಿದಿತ್ತು. ದಡದಲ್ಲಿ ನೀಲಿ ಈಜುಟೋಪಿ ತೊಟ್ಟ ಮಕ್ಕಳ ಗುಂಪು ಇಡಿಯಾಗಿ ಮುಖ ಊದಿಸಿಕೊಂಡು ಸಾಲಾಗಿ ಕೂತಿತ್ತು. ಮುಂದೆ ಟ್ರೆಂಟ್, ಒಂದು ಕೈಯಲ್ಲಿ ಮೈಕಿನ ಕೂಗುಗೊಳವೆ, ಇನ್ನೊಂದರಲ್ಲಿ ಮಾತ್ರೆಯ ಡಬ್ಬಿ.

"ಮಿಸ್, ನಾವೇನ್ ತಪ್ಪು ಮಾಡಿದ್ವಿ?" ಎಂದು ಮಕ್ಕಳು ಅವಳ ಮೇಲೆ ಬಿದ್ದರು. "ಯುಫೀಮಿಯಾ ಸಿಗೋ ತನಕ ನೀರಿಗೆ ಬಿಡಲ್ವಂತೆ!"

"ನೀವೇ ಹೇಳಿದ್ರಲ್ಲ, ಮಾತ್ರೆ ಇಲ್ದೆ ಬ್ಲೂನ ಬಿಡಬೇಡಿ ಅಂತ," ಎಂದ ಟ್ರೆಂಟ್ ಬೆವರು ಒರೆಸಿಕೊಳ್ಳುತ್ತ. "ಚೀಲದಲ್ಲಿ ಮಧ್ಯಾಹ್ನದ ಡಬ್ಬಿ ಅಂತ ಇದ್ದಿದ್ದು ಈ ಯುಫೀಮಿಯಾದು ಒಂದೇ. ಗುಂಪು ಪೂರ್ತಿ ಹಿಡಿದು ಕೂರಿಸಿದೀನಿ. ಯಾರೂ ಒಪ್ಕೋತಿಲ್ಲ. ಕೊಳವೇಲಿ ಎಷ್ಟು ಸಲ ಕೂಗಿದೆ ಗೊತ್ತಾ?"

ನೊಲೀನಳಿಗೆ ಪಿತ್ತ ನೆತ್ತಿಗೇರಿತು. ಅವನ ಮೇಲೆ ರೇಗಲು ಬಾಯಿ ತೆರೆದವಳು, ತಾನು ಹೇಳಿದ ಮಾತು ತನಗೇ ಕೇಳಿಸಿದಂತಾಗಿ ಮುಚ್ಚಿದಳು. ನೀಲಿ ಗುಂಪು! ಬ್ಲೂ ಇದ್ದುದು ಚೆನ್ನಾಗಿ ಈಜುವವರ ಕೆಂಪು ಗುಂಪಿನಲ್ಲಿ. ಅವಳ ಕೆಂಡದ ಕೂದಲನ್ನು ಕೆಂಪು ಟೋಪಿ ನುಂಗಿತ್ತು. ಆ ಗುಂಪು ಆಗಲೇ ಜೆಟ್ಟಿಯ ಮೇಲೆ ನಡೆದು ಏಣಿಯ ಹತ್ತಿರ ನಿಂತಿತ್ತು.

ಟ್ರೆಂಟ್‌ನ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡು ಅವಳು ಓಡಿದಳು. ಏಡಿ ಹಿಡಿಯುವ ಮುದುಕರ ಬಕೆಟ್ಟುಗಳನ್ನು ಒದ್ದುಕೊಂಡು, ಬೈಸಿಕೊಂಡು, ತಿರುಗಿ ಬೈದುಕೊಂಡು ಓಡಿದಳು. ಒಬ್ಬೊಬ್ಬರಾಗಿ ಕೆಂಪು ಟೋಪಿಗಳು ಏಣಿಯಿಳಿಯುತ್ತಿದ್ದವು. ಬ್ಲೂ ಆಗಲೇ ಎರಡು ಮೆಟ್ಟಿಲು ಕೆಳಗಿದ್ದಳು.

"ಬ್ಲೂ! ಟೋಪಿ!"

ಎಲ್ಲರೂ ಗೊಳ್ಳೆಂದು ನಕ್ಕರು. "ನೀರಿಗೆ ಇಳೀತಿದಾಳೆ ಮಿಸ್, ಯಾವ ಟೋಪಿ?"

"ರೂಲ್ಸು ಅಂದ್ರೆ ರೂಲ್ಸು! ಹತ್ತೇ ಮೇಲೆ!"

ಹುಡುಗಿ ಮೇಲೆ ನೋಡಿದಳು, ನೀರು ನೋಡಿದಳು. ಇಳಿದೇಬಿಡುತ್ತಾಳೆ ಎನ್ನಿಸಿ ನೊಲೀನ್ ಏಣಿಯ ಮೇಲೆ ಬಗ್ಗಿದಳು. ಆಮೇಲೆ ಬ್ಲೂ ಹಲ್ಲು ಕಚ್ಚಿಕೊಂಡು ಮೇಲೆ ಹತ್ತಿದಳು. ಗಾಳ ಮಾರುವ ಶೆಡ್ಡಿನ ಹಿಂದಕ್ಕೆ ನೊಲೀನ್ ಅವಳನ್ನು ದರದರ ಎಳೆದುಕೊಂಡು ಹೋದಳು.

"ಹೆಸರು ಕೂಗಿದ್ದು ಕೇಳಿಸ್ಲಿಲ್ವೇನೇ ನಿಂಗೆ?"

"ಊರಿಗೆಲ್ಲ ಕೇಳಿಸ್ತು. ನಾನು ಎದ್ದು ನಿಂತಿದ್ರೆ ಸಾಯೋ ತನಕ ಯುಫೀಮಿಯಾ ಅಂತಿದ್ರು. ಯಾವ ಮಾತ್ರೆ, ಯಾಕೆ ಅಂತಲೂ ಕೇಳ್ತಿದ್ರು."

"ಅದಕ್ಕೆ ಮಾತ್ರೆ ನುಂಗ್ದೆ ಇಳೀತಿದ್ಯಾ? ನೀರಲ್ಲಿ ಬಂದುಬಿಟ್ಟಿದ್ರೆ?"

"ಎಷ್ಟೋ ದಿನದಿಂದ ಬಂದೇ ಇಲ್ಲ ಮಿಸ್."

"ಯಾಕ್ ಬಂದಿಲ್ಲ ಹೇಳು! ನನ್ನ ಮುಖ ನೋಡಿ ಹೆದರಿ ಬಂದಿಲ್ವಾ? ಈ ಮಾತ್ರೆಯಿಂದ ಕಣೇ ಕತ್ತೆ!"

ಬ್ಲೂವಿನ ಕಣ್ಣು ತುಂಬಿತು. ಮಾತ್ರೆ ಕೊಡುವಾಗ ಇಬ್ಬರು ದೊಡ್ಡವರು ಚೀಟಿ ಓದಿ ನೋಡಬೇಕೆಂಬುದು ನಿಯಮ. ಅಷ್ಟರಲ್ಲಿ ಟ್ರೆಂಟ್ ಏದುಸಿರು ಬಿಡುತ್ತ ಬಂದ. ನೊಲೀನ್ ಡಬ್ಬಿಯನ್ನು ಅವನ ಕಣ್ಣಿಗೆ ಹಿಡಿದು, ಹುಡುಗಿಯ ಈಜುಟೋಪಿಯನ್ನು ಒಂದಿಷ್ಟು ಸರಿಸಿ ಕೂದಲು ತೋರಿಸಿದಳು.

"ಓಹ್! ಬ್ಲೂ!" ಎಂದ ಟ್ರೆಂಟ್. ಕೊಳವೆ ಇನ್ನೂ ಅವನ ಬಾಯಿಯ ಹತ್ತಿರವೇ ಇತ್ತು, ಆರಿಸಿರಲೂ ಇಲ್ಲ. ಆ "ಓಹ್ ಬ್ಲೂ" ಜೆಟ್ಟಿಯ ಉದ್ದಕ್ಕೂ ಮೊಳಗಿತು. ಅವನು ಇನ್ನೊಂದು ಮಾತಾಡುವ ಮೊದಲೇ ನೊಲೀನ್ ಕೊಳವೆಯನ್ನು ಕಸಿದುಕೊಂಡಳು. ಬ್ಲೂ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಗುಟುಕರಿಸಿದಳು.

ಅವಳು ನುಂಗಿದ್ದಕ್ಕೂ ನೀಲಿ ಗುಂಪು ಶೆಡ್ಡಿನ ಮೂಲೆಯಲ್ಲಿ ಪ್ರತ್ಯಕ್ಷವಾಗುವುದಕ್ಕೂ ಸರಿಹೋಯಿತು.

"ಯುಫೀಮಿಯಾ ಸಿಕ್ಕಿದ್ಲಾ ಮಿಸ್? ಯಾರು ಮಿಸ್ ಅವಳು?"

ಬ್ಲೂ ನೆಲ ನೋಡುತ್ತ ನಿಂತಳು. ಅವಳ ಕಿವಿಯೂ ಕೆಂಪಾಯಿತು. ನೊಲೀನ್ ಡಬ್ಬಿಯನ್ನು ಜೇಬಿಗೆ ತುರುಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನೇ ಕಣ್ರೋ ಯುಫೀಮಿಯಾ. ನಮ್ಮಜ್ಜಿ ಇಟ್ಟ ಹೆಸರು. ಮಾತ್ರೆ ನಂದೇ, ಬಿಪಿಗೆ. ನಿಮ್ಮಂಥವರನ್ನ ಮೇಯಿಸೋಳಿಗೆ ಬಿಪಿ ಬರದೆ ಇನ್ನೇನ್ ಬರುತ್ತೆ? ನಡೀರಿ ನೀರಿಗೆ!"

"ಯುಫೀಮಿಯಾ! ಮಿಸ್ ಹೆಸರು ಯುಫೀಮಿಯಾ!" ಎಂದು ಕೇಕೆ ಹಾಕುತ್ತ ಅವರು ಓಡಿದರು.

"ಆದ್ರೆ ಮಿಸ್, ನಿಮ್ಮ ಪೂರ್ತಿ ಹೆಸರು ನೊಲೀನ್ ಜಾಯ್ ಅಲ್ವಾ?" ಎಂದಳು ಬ್ಲೂ.

"ಬಾಯ್ಮುಚ್ಕೊಂಡು ಈಜು ಹೋಗೇ."

ಬ್ಲೂ ಈಜಿದಳು. ಪಕ್ಕದ ದೋಣಿಯಲ್ಲಿ ಟ್ರೆಂಟ್ ಇದ್ದ. ಜೆಟ್ಟಿಯ ಉದ್ದಕ್ಕೂ ನೊಲೀನ್ ಅವಳೊಬ್ಬಳನ್ನೇ ನೋಡುತ್ತ, ಬಕೆಟ್ಟುಗಳಿಗೆ ಮತ್ತೆ ಎಡವುತ್ತ ನಡೆದಳು. ಆ ಬದಿಯ ಏಣಿಯನ್ನು ಹುಡುಗಿ ಹಿಡಿಯುವ ತನಕ ಅವಳ ಉಸಿರು ಸರಿಯಾಗಲಿಲ್ಲ.

ಸಂಜೆ ಮೀನಿನ ಅಂಗಡಿಗೆ ಹೋದರೆ ಅಂಗಡಿಯವನು, "ಏನ್ ಯೂಫಿ, ಬಿಪಿ ಹೆಂಗಿದೆ?" ಎಂದ. ಅವಳು ಕೊಂಡ ಮೀನನ್ನು ಅವನ ಮುಖಕ್ಕೇ ಎಸೆಯಬೇಕೆನಿಸಿತು. ಊರಿಗೆಲ್ಲ ಹೆಸರಿಟ್ಟವಳಿಗೆ ಇಷ್ಟು ವರ್ಷ ಯಾರೂ ಹೆಸರಿಟ್ಟಿರಲಿಲ್ಲ. ಇನ್ನು ಅದು ಗೋರಿಯ ತನಕ ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಸೋಮವಾರ ಮಧ್ಯಾಹ್ನ, ಅವಳು ಕೂಗುವ ಮೊದಲೇ, ಆಫೀಸಿನ ಕಿಟಕಿಯಲ್ಲಿ ಒಂದು ಕೆಂಪು ತಲೆ ಇಣುಕಿತು.

"ಯೂಫಿ ಮಿಸ್, ನನ್ನ ಟೋಪಿ?"