ಕೊಯ್ಯದೆ ಬಿಟ್ಟ ಹಲಸು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಹೆಂಡತಿ ಇದ್ದಾಗ ಅವಳಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮಗಳ ಮದುವೆ ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ... ನೆವಗಳಿಗೆ ಬರ ಇರಲಿಲ್ಲ. ಮೊನ್ನೆ ಗೋಣಿಕೊಪ್ಪಲಿನ ನಮ್ಮ ಮನೆಗೆ ಪಕ್ಕದವರು ಬಾಳೆಲೆ ಮುಚ್ಚಿ ಅರ್ಧ ಹಲಸಿನ ಹಣ್ಣು ತಂದುಕೊಟ್ಟರು. "ಅಪ್ಪ ತಿನ್ನುವುದಿಲ್ಲ, ಸಕ್ಕರೆ ಕಾಯಿಲೆ" ಎಂದಳು ಮಗಳು. ಸಕ್ಕರೆ ಕಾಯಿಲೆ ಬಂದದ್ದು ಈಚೆಗೆ. ನಾನು ಹಲಸು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿದರೂ ಸಂಜೆಯ ಹೊತ್ತಿಗೆ ಅದರ ವಾಸನೆ ನಾನು ಕೂತಲ್ಲಿಗೇ ಬಂತು.

ಆಗ ನಾನು ಸಿದ್ದಾಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಅದು ಸಣ್ಣ ಕೆಲಸವಲ್ಲ. ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳ ಮುಂದೆ ನಿಂತು, ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ತೆರೆದು ಕೆಲಸಗಾರರ ಹೆಸರು ಕೂಗಬೇಕು, ಯಾರು ಯಾವ ಕಡೆ ಹೋಗಬೇಕೆಂದು ಹೇಳಬೇಕು. ನಾನು ಬಾಯಿ ತೆರೆಯುವ ಮೊದಲೇ ಒಬ್ಬರು ತೋಟ ಸುತ್ತಿ ಬಂದಿರುತ್ತಿದ್ದರು. ಆನೆ ಕಾವಲಿನ ಅಜ್ಜ. ಕಾಡಿನಿಂದ ಬಂದ ಆನೆ ದಾಟಿ ಹೋಗಿದೆಯೋ, ಬೆಳಗಾದರೂ ತೋಟದೊಳಗೇ ನಿಂತಿದೆಯೋ ನೋಡಿ ಹೇಳುವುದು ಅವರ ಕೆಲಸ. ನನ್ನ ತಂದೆಯ ವಯಸ್ಸು ಅವರಿಗೆ. ಆದರೂ ನಾನು ಅವರನ್ನು 'ನೀನು' ಅನ್ನುತ್ತಿದ್ದೆ, ಅವರು ನನ್ನನ್ನು 'ನೀವು' ಅನ್ನುತ್ತಿದ್ದರು. ಅಲ್ಲಿಯ ಪದ್ಧತಿ ಹಾಗಿತ್ತು.

ಗಿಡ್ಡ ಮನುಷ್ಯ. ಬಾಯಲ್ಲಿ ಸದಾ ಎಲೆಯಡಿಕೆ. ಆನೆಯ ಲದ್ದಿಯನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಬಿಸಿ ನೋಡುತ್ತಿದ್ದರು. ಮುರಿದ ಬಾಳೆ ದಂಟಿನ ನೀರು ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಇಷ್ಟೆಲ್ಲ ನೋಡಿದ ಮೇಲೂ ಹೂಂ, ಊಹೂಂ ಏನೂ ಹೇಳದೆ ನನ್ನನ್ನು ತೋಟದ ಅಂಚಿಗೆ ಕರೆದು ನಿಲ್ಲಿಸುತ್ತಿದ್ದರು.

"ನಾನು ಹೇಳೋದು ಇರ್ಲಿ ರೈಟ್ರೇ. ನಿಮ್ಮ ಹೊಟ್ಟೆ ಎಂತ ಹೇಳ್ತದೆ?"

"ಹಸಿವು ಅಂತದೆ" ಎಂದಿದ್ದೆ ಮೊದಲ ಸಲ.

"ಅದು ದಿನಾ ಹೇಳ್ತದೆ. ಅದರ ಅಡೀಲಿ ಇನ್ನೊಂದು ಹೇಳ್ತದಲ್ಲ, ಅದನ್ನ ಕೇಳಿ."

ಬರಬರುತ್ತ ನನಗೂ ಅದು ಕೇಳತೊಡಗಿತು. ಹಕ್ಕಿ ಇದ್ದೂ ಕೂಗದ ಕಡೆ, ನಾಯಿ ಮುಂದೆ ಹೋಗದೆ ಕಾಲಿಗೆ ಅಂಟಿಕೊಳ್ಳುವ ಕಡೆ, ಹೊಕ್ಕುಳಿನ ಸುತ್ತ ಏನೋ ಬಿಗಿಯುತ್ತಿತ್ತು. ಅಂಥ ದಿನ ಕೆಲಸವನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದೆವು. ಅಜ್ಜನದು ಇನ್ನೊಂದು ಹಟವಿತ್ತು. ತೋಟದ ಹಲಸನ್ನೆಲ್ಲ ಎಳೆಗಾಯಿ ಇರುವಾಗಲೇ ಕೊಯ್ಸಿ ಬಿಡಬೇಕು. ಹಣ್ಣಾದರೆ ಅದರ ವಾಸನೆಗೇ ಆನೆ ಬರುತ್ತದೆ. ಹೀಗೆ ಒಂಬತ್ತು ವರ್ಷ ನಮ್ಮ ತೋಟದಲ್ಲಿ ಯಾರ ಕೂದಲೂ ಕೊಂಕಲಿಲ್ಲ.

ಹತ್ತನೆಯ ವರ್ಷ ಪಕ್ಕದ ತೋಟದಲ್ಲಿ ಆನೆ ಒಬ್ಬನನ್ನು ಕೊಂದಿತು. ನಮ್ಮ ಲೈನಿನವರು ಹೆದರಿದರು. ನಾನೂ ಹೆದರಿದೆ. ಘಟ್ಟದ ಕೆಳಗಿನಿಂದ ಒಬ್ಬ ಗುರುಗಳನ್ನು ನಾನೇ ಹೋಗಿ ಕರೆತಂದೆ. ಅವರು ತೋಟದ ಚಾಮುಂಡಿ ಕಲ್ಲಿನ ಮುಂದೆ ಕವಡೆ ಹಾಕಿ ಪ್ರಶ್ನೆ ನೋಡಿದರು. ಆನೆ ಬಾರದಂತೆ ತೋಟಕ್ಕೆ ದಿಗ್ಬಂಧನ ಮಾಡಬೇಕು ಎಂದರು. ಮಂತ್ರಿಸಿದ ತೆಂಗಿನಕಾಯಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ನಾಲ್ಕು ಮೂಲೆಯಲ್ಲೂ ಹೂತರು.

"ಇನ್ನು ಆನೆ ಈ ಗಡಿ ದಾಟುವುದಿಲ್ಲ. ಸಂಶಯವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಡಿ. ಸಂಶಯಪಟ್ಟರೆ ಬಂಧನ ಸಡಿಲವಾಗುತ್ತದೆ" ಎಂದರು.

ಅವರನ್ನು ಕಪಟಿ ಎನ್ನಲಾರೆ. ಉಪವಾಸವಿದ್ದು, ಜಿಗಣೆ ಕಚ್ಚಿಸಿಕೊಂಡು ಬರಿಗಾಲಲ್ಲಿ ನಡೆದು, ನಂಬಿಯೇ ಮಾಡಿದರು. ಆ ಮಾತು ನನಗೂ ಹಿಡಿಸಿತು. ದಿನ ಬೆಳಗಾದರೆ ನಾನೇ ಹೌದು, ಅಲ್ಲ ಎನ್ನಬೇಕಾದ ಭಾರವನ್ನು ಯಾರೋ ಹೆಗಲಿನಿಂದ ಇಳಿಸಿದಂತಾಯಿತು...

ಆ ವರ್ಷ ಹಲಸು ಕೊಯ್ಸಲಿಲ್ಲ. ಕೊಯ್ಸಿದರೆ ಸಂಶಯಪಟ್ಟಂತೆ ಅಲ್ಲವೇ? ಅಜ್ಜನನ್ನು ಬೆಳಗಿನ ಸುತ್ತಿನಿಂದ ಬಿಡಿಸಿ ನರ್ಸರಿಯ ಸಸಿಗಳಿಗೆ ನೀರು ಹಾಕಲು ಹಚ್ಚಿದೆ.

"ಕಾಯಿ ಹೂತದ್ದು ಒಳ್ಳೆದೇ, ನಾನೂ ಕೈ ಮುಗ್ದಿದ್ದೇನೆ. ಆದ್ರೆ ಹಲಸು ಕೊಯ್ಸಿ ರೈಟ್ರೇ" ಎಂದರು ಅಜ್ಜ.

"ನಿನ್ನ ಮೂಗಿಗಿಂತ ಅವರ ಮಂತ್ರ ಸಣ್ಣದಾ?" ಎಂದೆ, ಎಲ್ಲರ ಮುಂದೆ. ಜನ ನಕ್ಕರು. ಲೈನಿನವರೆಲ್ಲ 'ಅಕ್ಕ' ಎಂದು ಕರೆಯುತ್ತಿದ್ದ ತಮಿಳು ಹೆಂಗಸೊಬ್ಬಳಿದ್ದಳು, ಬಾಯಿ ಜೋರು.

"ಅದೆಲ್ಲ ಸರಿ ರೈಟ್ರೇ, ಕಾಯಿ ಹೂತದ್ದು ಆನೆಗೆ ಯಾರು ಹೇಳಿದ್ರು? ನೀವೇ ಕಾಗದ ಬರ್ದು ಹಾಕಿದ್ರಾ?" ಎಂದಳು. ಮತ್ತೆ ನಗು. ನಾನೂ ನಕ್ಕೆ.

ಜೂನ್ ತಿಂಗಳು ಹಿಡಿದಿತ್ತು. ಒಂದು ಸಂಜೆ ನಾನೊಬ್ಬನೇ ತೋಟದ ಕೆಳಗಿನ ಮೂಲೆಗೆ ಹೋದಾಗ ಅಲ್ಲಿ ಹೂತಿದ್ದ ಕಾಯಿಯನ್ನು ಕಾಡುಹಂದಿ ಕೆದಕಿ ಹಾಕಿತ್ತು. ಮೂತಿಯ ಗುರುತು, ಗೊರಸಿನ ಗುರುತು ಎಲ್ಲ ಹಸಿಯಾಗಿ ಕಾಣುತ್ತಿತ್ತು. ಚಿಪ್ಪು ಒಡೆದು ತಿರುಳು ತಿಂದಿತ್ತು. ಒಂದು ಹಂದಿಯನ್ನು ತಡೆಯದ ಕಾಯಿ... ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಚಿಪ್ಪನ್ನು, ಬಟ್ಟೆಯ ಚೂರನ್ನು ಒಟ್ಟುಮಾಡಿ, ಕೈಯಿಂದಲೇ ಮಣ್ಣು ಎಳೆದು ಮುಚ್ಚಿ ಬಂದೆ. ಯಾರಿಗೂ ಹೇಳಲಿಲ್ಲ.

ಮರುದಿನ ಅದೇ ಮೂಲೆಯಲ್ಲಿ ಕಾಫಿ ಗಿಡದ ಚಿಗುರು ತೆಗೆಯುವ ಕೆಲಸವಿತ್ತು. ಚೆಕ್‌ರೋಲ್ ತೆರೆಯುವಾಗ ಕೆಳಗಿನಿಂದ ಗಾಳಿ ಬೀಸಿತು. ಹಣ್ಣಾದ ಹಲಸಿನ ವಾಸನೆ. ಹೊಕ್ಕುಳು ಬಿಗಿಯಿತು. ಅಷ್ಟರಲ್ಲಿ ಅಜ್ಜ ನರ್ಸರಿಯಿಂದ ನೀರಿನ ಕ್ಯಾನ್ ಹಿಡಿದುಕೊಂಡೇ ಓಡಿ ಬಂದರು.

"ಇವತ್ತು ಕೆಳಗೆ ಬೇಡ ರೈಟ್ರೇ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನಿಮಗೂ ಗೊತ್ತಾಗಿದೆ. ಮತ್ತೆ ಯಾಕೆ ಸುಮ್ಮನಿದ್ದೀರಿ?"

"ನೀನು ಹೋಗಿ ನೀರು ಹಾಕು" ಎಂದೆ.

ಏಳು ಹೆಸರು ಕೂಗಿದೆ. ಏಳು ಜನ ಕೆಳಗೆ ಹೋದರು. ಗಂಟೆ ಹತ್ತಾಗುವ ಮೊದಲೇ ಆರು ಜನ ಕೂಗಿಕೊಂಡು ಓಡಿ ಬಂದರು. ಅಕ್ಕ ಬರಲಿಲ್ಲ. ಹಲಸಿನ ಮರದ ಬುಡದಲ್ಲಿ ನಿಂತಿದ್ದ ಒಂಟಿ ಆನೆ...

ಮೂರನೆಯ ದಿನ ಗುರುಗಳು ಮತ್ತೆ ಬಂದರು. ಕೆಳಗಿನ ಮೂಲೆಯಲ್ಲಿ ಮಣ್ಣು ಸರಿಸಿದಾಗ ಒಡೆದ ಚಿಪ್ಪು ಸಿಕ್ಕಿತು. "ಯಾರೋ ಕಿತ್ತು ಮತ್ತೆ ಮುಚ್ಚಿದ್ದಾರೆ" ಎಂದರು. ಅಷ್ಟೇ ಹೇಳಿದ್ದು ಅವರು. ಅಕ್ಕನ ಗಂಡ, ಅಣ್ಣತಮ್ಮಂದಿರು, ಇಡೀ ಲೈನು ನನ್ನ ಮುಖ ನೋಡಿತು. ಹಂದಿಯ ಕೆಲಸ, ಮುಚ್ಚಿದವನು ನಾನು ಎಂದು ಹೇಳಲು ಒಂದು ಉಸಿರು ಸಾಕಿತ್ತು.

"ಬಂಧನದ ಮೇಲೆ ಸಂಶಯ ಇದ್ದದ್ದು ಒಬ್ಬನಿಗೇ" ಎಂದೆ.

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಎಲ್ಲರೂ ಅಜ್ಜನ ಕಡೆ ತಿರುಗಿದರು. ಅವರು ಆಣೆ ಹಾಕಲಿಲ್ಲ, ಅಳಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ನಿಮ್ಮ ಹೊಟ್ಟೆ ಎಂತ ಹೇಳ್ತದೆ ರೈಟ್ರೇ?"

ನಾನು ಚೆಕ್‌ರೋಲ್ ನೋಡುತ್ತ ನಿಂತೆ. ಅಕ್ಕನ ಕಡೆಯವರು ಅಜ್ಜನ ಪಾತ್ರೆಗಳನ್ನು ಲೈನಿನಿಂದ ಹೊರಗೆಸೆದರು. ಮಧ್ಯಾಹ್ನದ ಹೊತ್ತಿಗೆ ಅಜ್ಜನೂ ಅವರ ಹೆಂಡತಿಯೂ ಒಂದು ಕಂಬಳಿ, ಒಂದು ಅಲ್ಯೂಮಿನಿಯಂ ಪಾತ್ರೆ ಹೊತ್ತು ಗೇಟು ದಾಟಿದರು. ನಾನು ಕೆಂಪು ಶಾಯಿಯಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದೆ. ಸ್ಕೇಲ್ ಇಟ್ಟು ಎಳೆದೆ, ನೇರವಾಗಿ ಬರಲೆಂದು.

ಮರುವರ್ಷದಿಂದ ಹಲಸನ್ನು ಎಳೆಗಾಯಿಯಲ್ಲೇ ಕೊಯ್ಸಿದೆ. ಯಾಕೆಂದು ಯಾರೂ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಜ್ಜನನ್ನು ಕಂಡೆ. ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು, ತುಂಬ ಸಣ್ಣಗಾಗಿದ್ದರು. ನಾನು ವಿರಾಜಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಇಳಿ, ಇಳಿ ಎಂದಿತು ಹೊಟ್ಟೆ. ಬಸ್ಸು ಇನ್ನೂ ಹೊರಟಿರಲಿಲ್ಲ, ಹೊತ್ತು ಬೇಕಾದಷ್ಟಿತ್ತು. ಇನ್ನೊಂದು ಸಲ ಬಂದಾಗ ಎಂದುಕೊಂಡೆ. ಆಮೇಲೆ ಅವರು ಕಾಡಂಚಿನ ಯಾವುದೋ ಹಾಡಿಯಲ್ಲಿ ತೀರಿಕೊಂಡರೆಂದು ಯಾರೋ ಬೇರೆ ಮಾತಿನ ನಡುವೆ ಹೇಳಿದರು.

ಮಗಳು ಹಲಸಿನ ತೊಳೆ ಬಿಡಿಸಿ ಬೀಜಗಳನ್ನು ಒಣಗಲು ಜಗಲಿಯಲ್ಲಿ ಹರಡಿದ್ದಾಳೆ. ವಾಸನೆ ಇನ್ನೂ ಹೋಗಿಲ್ಲ. ಕ್ಷಮೆ ಕೇಳೋಣವೆಂದರೆ ಕೇಳಿಸಿಕೊಳ್ಳುವವರಿಲ್ಲ. ಇಷ್ಟುದ್ದ ಬರೆದೂ ಅಜ್ಜ, ಅಜ್ಜ ಎಂದು ಹೆಸರು ತಪ್ಪಿಸಿಕೊಂಡೇ ಬಂದಿದ್ದೇನೆ. ಅಂದು ಕೂಡ ಹೆಸರು ಹೇಳದೆಯೇ ಅವರನ್ನು ಮುಗಿಸಿದೆ. ಹತ್ತು ವರ್ಷ ದಿನವೂ ಕೂಗುತ್ತಿದ್ದ ಹೆಸರು. ಕೂಗಿದೊಡನೆ "ಬಂದೆ" ಎನ್ನುತ್ತಿದ್ದರು.

ಮುತ್ತ.